ಊರಿನ ಕರೆಂಟ್ ಬಿಲ್ಲು ಊರವರ ಕೈಯಲ್ಲಿ

(ವಿದ್ಯುತ್ ಕಂಪನಿಯಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು ನಿವೃತ್ತರಾದ ಎಂಜಿನಿಯರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಪಂಚಾಯಿತಿ, ಪುರಸಭೆಗಳ ಕರೆಂಟ್ ಖರ್ಚು ಮತ್ತು ಸೋಲಾರ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಆಯ್ದುಕೊಂಡಿದ್ದೇವೆ.)

ಪ್ರಶ್ನೆ: ಮೇಡಂ, ನಾನು ಮೊದಲ ಸಲ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮದು 5 ಹಳ್ಳಿ, 12 ಬೋರ್‌ವೆಲ್, 200 ಬೀದಿದೀಪ. ಕರೆಂಟ್ ಬಾಕಿ ಲಕ್ಷಗಟ್ಟಲೆ ಬೆಳೆದಿದೆ. ಒಬ್ಬರು ಬಂದು ಎಲ್ಲ ಕಂಬಕ್ಕೂ ಸೋಲಾರ್ ದೀಪ ಹಾಕಿಕೊಡ್ತೀವಿ, ಆಮೇಲೆ ಬಿಲ್ಲೇ ಬರಲ್ಲ ಅಂತಿದ್ದಾರೆ. ಮುಂದಿನ ಸಭೆಯಲ್ಲಿ ಒಪ್ಪಿಗೆ ಕೊಡಬಹುದಾ?
— ಗ್ರಾಮ ಪಂಚಾಯಿತಿ ಸದಸ್ಯೆ, ಶಿರಾ ತಾಲ್ಲೂಕು

ಉತ್ತರ: ಒಪ್ಪಿಗೆ ಕೊಡಲು ಆತುರ ಬೇಡಮ್ಮಾ. ಈ ಬಾಕಿ ಎಲ್ಲಿಂದ ಬಂತು ಅಂತ ಮೊದಲು ನೋಡೋಣ.

ಹಳೇ 40 ವಾಟ್ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 55 ವಾಟ್ ಎಳೆಯುತ್ತದೆ. ಅಂಥ 200 ದೀಪ ರಾತ್ರಿ 11 ಗಂಟೆ ಉರಿದರೆ ದಿನಕ್ಕೆ 121 ಯೂನಿಟ್. ಈಗ ಬೋರ್‌ವೆಲ್‌ಗೆ ಬನ್ನಿ. ಒಂದೊಂದು ಮೋಟಾರು 7 ಕಿಲೋವಾಟ್ ಎಳೆದು ದಿನಕ್ಕೆ 6 ಗಂಟೆ ಓಡುತ್ತದೆ ಅಂದುಕೊಳ್ಳಿ. 12 ಮೋಟಾರಿಗೆ 504 ಯೂನಿಟ್ ಆಯಿತು. ಎಲ್ಲ ದೀಪವನ್ನೂ ಸೋಲಾರ್ ಮಾಡಿದರೂ ಐದರಲ್ಲಿ ನಾಲ್ಕು ಪಾಲು ಯೂನಿಟ್ ಹಾಗೇ ಉಳಿಯುತ್ತದೆ, ಅಲ್ವಾ? 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದ ಮೇಲೆ ಮನೆಮನೆಗೆ ನಲ್ಲಿ ಬಂತು. ಹೆಣ್ಣುಮಕ್ಕಳ ಕೊಡ ಹೊರುವ ಕಷ್ಟ ಕಡಿಮೆಯಾಯಿತು, ಬಹಳ ಒಳ್ಳೆಯದು. ಆದರೆ ಆ ನೀರು ಎತ್ತುವ ಕರೆಂಟಿನ ಖರ್ಚು ಪಂಚಾಯಿತಿ ತಲೆ ಮೇಲೇ ಬಿತ್ತು. ನಿಮ್ಮ ಬಾಕಿಯ ಬೇರು ಅಲ್ಲಿದೆ.

ಆದ್ದರಿಂದ ಮೊದಲು ಪಂಚಾಯಿತಿ ಹೆಸರಿನಲ್ಲಿರುವ ಎಲ್ಲ ಆರ್.ಆರ್. ನಂಬರ್‌ಗಳ ಪಟ್ಟಿಯನ್ನು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಿಂದ ಪಡೆದುಕೊಳ್ಳಿ. ಒಂದೊಂದು ಕರೆಂಟ್ ಸಂಪರ್ಕಕ್ಕೂ ಇರುವ ನಂಬರ್ ಅದು. ನೀರುಗಂಟಿಯನ್ನು ಕರೆದುಕೊಂಡು ಒಂದೊಂದೇ ಮೀಟರ್ ಹತ್ತಿರ ಹೋಗಿ ನೋಡಿ. ಕೆಲವು ಕಡೆ ಬೋರ್‌ವೆಲ್ ಬತ್ತಿ, ಮೋಟಾರು ಮೇಲೆತ್ತಿ ವರ್ಷಗಳೇ ಆಗಿರುತ್ತವೆ. ಸ್ಥಾವರ, ಅಂದರೆ ಆ ಕರೆಂಟ್ ಸಂಪರ್ಕ, ರದ್ದು ಮಾಡಿ ಅಂತ ಯಾರೂ ಅರ್ಜಿ ಕೊಟ್ಟಿರುವುದಿಲ್ಲ. ತಿಂಗಳು ತಿಂಗಳು ನಿಗದಿತ ಶುಲ್ಕ ಬೀಳುತ್ತಲೇ ಇರುತ್ತದೆ, ಅದಕ್ಕೆ ಬಡ್ಡಿಯೂ ಸೇರುತ್ತದೆ. ನನ್ನ ಸರ್ವೀಸಿನಲ್ಲಿ ಇಂಥ ಒಂದಾದರೂ ನಂಬರ್ ಇಲ್ಲದ ಪಂಚಾಯಿತಿ ನೋಡಿದ್ದು ಕಡಿಮೆ. ಒಂದು ಅರ್ಜಿಯಲ್ಲಿ ನಿಲ್ಲುವ ಖರ್ಚು ಇದು. ಕೆಟ್ಟ ಮೀಟರ್ ಇದ್ದರೆ ಅದನ್ನೂ ಬರೆದುಕೊಳ್ಳಿ. ಮೀಟರ್ ಓಡದಿದ್ದರೆ ಸರಾಸರಿ ಬಿಲ್ಲು ಹಾಕುತ್ತಾರೆ. ಆಗ ನೀವು ಎಷ್ಟು ಉಳಿಸಿದರೂ ಬಿಲ್ಲಿನಲ್ಲಿ ಕಾಣುವುದಿಲ್ಲ.

ಆಮೇಲೆ ಪಂಪಿನ ಪರೀಕ್ಷೆ. ಇದನ್ನು ನೀವೇ ಮಾಡಬಹುದು. 50 ಸಾವಿರ ಲೀಟರ್ ಟ್ಯಾಂಕ್ ಖಾಲಿ ಇದ್ದಾಗ ಮೀಟರ್ ಓದಿ ಬರೆದುಕೊಳ್ಳಿ. ಆಗ ನಲ್ಲಿಗೆ ನೀರು ಬಿಡಬೇಡಿ. ಟ್ಯಾಂಕ್ ತುಂಬಿದ ಮೇಲೆ ಮತ್ತೆ ಓದಿ. ಬೋರ್‌ವೆಲ್‌ನಲ್ಲಿ ಮೋಟಾರು ಓಡುವಾಗ ನೀರು ನಿಲ್ಲುವ ಆಳ, ಟ್ಯಾಂಕಿನ ಎತ್ತರ, ಪೈಪಿನಲ್ಲಿ ಆಗುವ ನಷ್ಟಕ್ಕೆ ಸ್ವಲ್ಪ, ಎಲ್ಲ ಸೇರಿ 140 ಮೀಟರ್ ಅಂತ ಇಟ್ಟುಕೊಳ್ಳೋಣ. ಸಾವಿರ ಲೀಟರ್ ಲೆಕ್ಕದಲ್ಲಿ ನೀರು 50. ಅದನ್ನು 140ರಿಂದ ಗುಣಿಸಿ 367ರಿಂದ ಭಾಗಿಸಿ. ನೀರು, ಎತ್ತರದ ಲೆಕ್ಕವನ್ನು ಯೂನಿಟ್ಟಿಗೆ ತಿರುಗಿಸುವ ಅಂಕಿ ಈ 367. 19 ಬರುತ್ತದೆ. ಒಂದಿಷ್ಟೂ ಪೋಲಾಗದಿದ್ದರೆ ಆ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು 19 ಯೂನಿಟ್ ಸಾಕು. ನಿಜವಾದ ಪಂಪಿನಲ್ಲಿ ಅಷ್ಟು ಆಗುವುದಿಲ್ಲ. ಒಳ್ಳೆಯ ಸಬ್‌ಮರ್ಸಿಬಲ್ ಆದರೆ 38 ಯೂನಿಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ನಿಮ್ಮ ಮೀಟರ್ 60 ಅಥವಾ 65 ತೋರಿಸಿದರೆ ಆ ಪಂಪು ಊರಿನ ದುಡ್ಡು ತಿನ್ನುತ್ತಿದೆ ಅಂತಲೇ ಅರ್ಥ.

ಯಾಕೆ ಹೀಗಾಗುತ್ತದೆ? ಮೋಟಾರು ಸುಟ್ಟಾಗಲೆಲ್ಲ ರೀವೈಂಡ್ ಮಾಡಿಸುತ್ತೇವೆ. ಅವಸರಕ್ಕೆ ಬೇರೆ ಅಳತೆಯ ತಂತಿ ಸುತ್ತುತ್ತಾರೆ. ಇನ್ನೊಂದು ಕಡೆ ನೀರು ಆಳಕ್ಕೆ ಇಳಿದಿರುತ್ತದೆ, ಪಂಪು ಮಾತ್ರ ಹಳೇ ಆಳಕ್ಕೆ ಆರಿಸಿದ್ದೇ ಇರುತ್ತದೆ. ಇಲ್ಲವೇ ಬೇಸಿಗೆಯಲ್ಲಿ ನೀರು ಕಡಿಮೆ ಬಂತು ಅಂತ ಯಾರೋ 7.5 ಎಚ್‌ಪಿ ಇದ್ದಲ್ಲಿ 12.5 ಇಳಿಸಿರುತ್ತಾರೆ. ನೀರು ಜಾಸ್ತಿಯಾಗುವುದಿಲ್ಲ, ಯೂನಿಟ್ ಜಾಸ್ತಿಯಾಗುತ್ತದೆ. ಕೆಪಾಸಿಟರ್ ಕಿತ್ತುಹೋಗಿದ್ದರೆ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಎಷ್ಟು ಕೆಲಸಕ್ಕೆ ಬಂತು ಅನ್ನುವ ಅಳತೆ) ಬಿದ್ದು ಅದಕ್ಕೂ ಬಿಲ್ಲಿನಲ್ಲಿ ದಂಡ ಸೇರಬಹುದು. 12ರಲ್ಲಿ ತೀರಾ ಕೆಟ್ಟ ಮೂರು ಪಂಪು ಗುರುತಿಸಿ ಈ ವರ್ಷ ಅವನ್ನು ಬದಲಿಸಿ. ಕೊಳ್ಳುವಾಗ ಕರೆಂಟ್ ಉಳಿತಾಯಕ್ಕೆ ಕೊಡುವ ಬಿಇಇ ಸ್ಟಾರ್ ಗುರುತು ಇರುವುದನ್ನೇ, ಈಗಿನ ಆಳ ಅಳೆದು ಆರಿಸಿ. ಟ್ಯಾಂಕ್ ತುಂಬಿ ಹರಿಯದಂತೆ ಫ್ಲೋಟ್ ಸ್ವಿಚ್ ಹಾಕಿಸಿ. ಚರಂಡಿಗೆ ಹರಿದುಹೋದ ನೀರಿಗೂ ನಾವು ಕರೆಂಟ್ ಸುಟ್ಟಿರುತ್ತೇವೆ.

ಈಗ ದೀಪ. ಕಂಬದಲ್ಲಿ ಲೈನ್ ಇರುವ ಕಡೆ ಸೋಲಾರ್ ದೀಪಕ್ಕಿಂತ 20 ವಾಟ್ ಎಲ್‌ಇಡಿಯೇ ವಾಸಿ. ನಿಮ್ಮ 121 ಯೂನಿಟ್ 44ಕ್ಕೆ ಇಳಿಯುತ್ತದೆ. ಸೋಲಾರ್ ದೀಪದ ಪ್ಯಾನೆಲ್ ಬಾಳಿಕೆ ಬರುತ್ತದೆ, ಬ್ಯಾಟರಿ ಬರುವುದಿಲ್ಲ. ಕೆಲವೇ ವರ್ಷಕ್ಕೆ ಬದಲಿಸಬೇಕು, ಕಳ್ಳತನವೂ ಉಂಟು. ಲೈನ್ ಹೋಗದ ತೋಟದ ಮನೆಗಳ ದಾರಿ, ತಾಂಡಾ ತಿರುವು, ಸ್ಮಶಾನ, ಬಸ್ ನಿಲ್ಲುವ ಕ್ರಾಸ್ ಇಂಥ ಕಡೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ನಿಮ್ಮ ಹಳ್ಳಿಗಳಲ್ಲಿ ಹಗಲೂ ದೀಪ ಉರಿಯುತ್ತದೆಯೇ? ಉರಿದರೆ ನೀರುಗಂಟಿಯನ್ನು ಬೈಯಬೇಡಿ. ಬೀದಿದೀಪಕ್ಕೆಂದು ಪ್ರತ್ಯೇಕ ತಂತಿ ಎಳೆದಿರುವುದಿಲ್ಲ, ದೀಪವನ್ನು ನೇರ ಲೈನಿಗೆ ಕೊಟ್ಟಿರುತ್ತಾರೆ. ಆರಿಸಬೇಕೆಂದರೆ ಅವನು ಕಂಬ ಹತ್ತಬೇಕು. ಆ ತಂತಿ ಎಳೆಸಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಮೀಟರ್, ಟೈಮರ್ ಇರುವ ಪೆಟ್ಟಿಗೆ ಕೂರಿಸಿ. ದೀಪ ಬದಲಿಸುವುದಕ್ಕಿಂತ ಮೊದಲು ಆಗಬೇಕಾದ್ದು ಇದು.

ಪ್ರಶ್ನೆ: ಇಂಧನ ಉಳಿತಾಯ, ಸೋಲಾರ್ ಬಗ್ಗೆ ಪಂಚಾಯಿತಿಯದೇ ಒಂದು ನೀತಿ ಬೇಕು ಅಂತ ನಮ್ಮ ಅಧ್ಯಕ್ಷರ ಆಸೆ. ಏನು ಬರೆಯಬೇಕು? ದೊಡ್ಡ ವರದಿ ತಯಾರಿಸಬೇಕಾ?
— ಪಿಡಿಒ, ಕೊಪ್ಪಳ ಜಿಲ್ಲೆ

ಉತ್ತರ: ವರದಿ ಬೇಡ ಸರ್. ಒಂದು ಪುಟದ ನಿರ್ಣಯ ಸಾಕು. ಆದರೆ ಅಧ್ಯಕ್ಷರು ಬದಲಾದರೂ, ನಿಮಗೆ ವರ್ಗವಾದರೂ ನಿಲ್ಲುವಂತೆ ಇರಬೇಕು. ನಾನಾದರೆ ಹೀಗೆ ಬರೆಸುತ್ತೇನೆ:

"ಪಂಚಾಯಿತಿ ಇನ್ನು ಮುಂದೆ ಕೊಳ್ಳುವ ಪಂಪು, ದೀಪ, ಫ್ಯಾನುಗಳನ್ನು ಬೆಲೆ ಒಂದನ್ನೇ ನೋಡಿ ಕೊಳ್ಳತಕ್ಕದ್ದಲ್ಲ, ಐದು ವರ್ಷದ ಕರೆಂಟ್ ಖರ್ಚನ್ನೂ ಸೇರಿಸಿ ಹೋಲಿಸತಕ್ಕದ್ದು. ಪ್ರತಿ ತಿಂಗಳ ಸಾಮಾನ್ಯ ಸಭೆಯಲ್ಲಿ ಎಲ್ಲ ಸ್ಥಾವರಗಳ ಯೂನಿಟ್ ಲೆಕ್ಕವನ್ನು ಓದತಕ್ಕದ್ದು. ಹಿಂದಿನ ವರ್ಷದ ಅದೇ ತಿಂಗಳಿಗಿಂತ ಜಾಸ್ತಿ ಬಂದ ಸ್ಥಾವರಕ್ಕೆ ನೀರು ಮತ್ತು ನೈರ್ಮಲ್ಯ ಸಮಿತಿ ಹದಿನೈದು ದಿನದಲ್ಲಿ ಕಾರಣ ತಿಳಿಸತಕ್ಕದ್ದು. ಕರೆಂಟ್ ಬಿಲ್ಲಿನಲ್ಲಿ ಉಳಿತಾಯವಾದ ಹಣದ ಅರ್ಧ ಭಾಗವನ್ನು ಹಳೇ ಬಾಕಿಗೂ, ಇನ್ನರ್ಧವನ್ನು ಪಂಪು ಮತ್ತು ದೀಪಗಳ ನಿರ್ವಹಣೆಗೂ ಇಡತಕ್ಕದ್ದು. ಪಂಚಾಯಿತಿ ಹೊಸದಾಗಿ ಕಟ್ಟುವ ಯಾವುದೇ ಕಟ್ಟಡದ ಚಾವಣಿಯ ದಕ್ಷಿಣ ಭಾಗವನ್ನು ಸೋಲಾರ್‌ಗೆಂದು ಖಾಲಿ ಬಿಡತಕ್ಕದ್ದು."

ಇಷ್ಟೇ. ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ನಿರ್ವಹಣೆಗೆ ಇಡುವ ಅರ್ಧ. ಸೋಲಾರ್ ಹಾಕಿಸಲು ಅನುದಾನ ಸಿಗುತ್ತದೆ, ಉದ್ಘಾಟನೆಗೆ ಶಾಮಿಯಾನವೂ ಸಿಗುತ್ತದೆ. ಎರಡು ವರ್ಷದ ಮೇಲೆ ಇನ್ವರ್ಟರ್ ಕೆಟ್ಟಾಗ ಹಣ ಯಾವ ಬಾಬ್ತಿನಿಂದ ತೆಗೆಯುವುದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕೆಟ್ಟು ನಿಂತ ಪ್ಯಾನೆಲ್ ನೋಡಿ ನೋಡಿ ಊರವರಿಗೆ ಸೋಲಾರ್ ಮೇಲೇ ನಂಬಿಕೆ ಹೋಗುತ್ತದೆ. ನನಗೆ ತುಂಬ ನೋವು ಕೊಡುವ ಸಂಗತಿ ಇದು. ಆ ನಂಬಿಕೆ ಮತ್ತೆ ಗಳಿಸುವುದು ಬಹಳ ಕಷ್ಟ.

ಹಣದ ಮಾತು ಬಂದಿದ್ದಕ್ಕೆ ಒಂದು ವಿಷಯ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಗ್ರಾಮೀಣ ಸಂಸ್ಥೆಗಳಿಗೆ ಶೇ 60 ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೆ ನಿರ್ಬಂಧಿತವಾಗಿತ್ತು. ಪಂಪು ಸರಿಪಡಿಸುವುದು ನೀರಿನ ಕೆಲಸವೇ. ಕ್ರಿಯಾಯೋಜನೆಯಲ್ಲಿ ಅದನ್ನು ಸುಮ್ನೆ "ಇಂಧನ" ಅಂತ ಬರೆಯದೆ ನೀರು ಪೂರೈಕೆಯ ಕೆಳಗೆ ತನ್ನಿ, ದಾರಿ ಸುಲಭವಾಗುತ್ತದೆ. ರಾಜ್ಯದಲ್ಲಿ ಇಂಧನ ಸಂರಕ್ಷಣೆಯ ಹೊಣೆ ಹೊತ್ತಿರುವ ಸಂಸ್ಥೆ ಕ್ರೆಡಲ್. ಸಂದೇಹ ಇದ್ದರೆ ಅವರಿಗೆ ಪತ್ರ ಬರೆಯಿರಿ.

ಪ್ರಶ್ನೆ: ನಮ್ಮ ಪುರಸಭೆಯಲ್ಲಿ ಗುತ್ತಿಗೆದಾರರು ಇಡೀ ಪಟ್ಟಣಕ್ಕೆ ಎಲ್‌ಇಡಿ ಹಾಕಿದರು. ವರ್ಷ ತುಂಬುವ ಮೊದಲೇ ಮೂರನೇ ಒಂದು ಭಾಗ ಉರಿಯುತ್ತಿಲ್ಲ. ಜನ ನಮ್ಮನ್ನು ಬೈಯುತ್ತಿದ್ದಾರೆ. ಎಲ್‌ಇಡಿಯೇ ಕಳಪೆಯಾ?
— ಪುರಸಭೆ ಸದಸ್ಯ, ಹಾವೇರಿ ಜಿಲ್ಲೆ

ಉತ್ತರ: ಎಲ್‌ಇಡಿಯ ದೋಷ ಕಡಿಮೆ, ಕರಾರಿನ ದೋಷ ಜಾಸ್ತಿ. ದೀಪದಲ್ಲಿ ಮೊದಲು ಸಾಯುವುದು ಒಳಗಿರುವ ಡ್ರೈವರ್, ಅಂದರೆ ಎಲ್‌ಇಡಿಗೆ ಬೇಕಾದ ಅಳತೆಯಲ್ಲಿ ಕರೆಂಟ್ ಕೊಡುವ ಸರ್ಕ್ಯೂಟ್. ಸಿಡಿಲು, ನ್ಯೂಟ್ರಲ್ ಲೂಸ್ ಆಗಿ ವೋಲ್ಟೇಜ್ ಏರುವುದು, ಹೆಚ್ಚಾಗಿ ಇವೆರಡೇ ಅದನ್ನು ಸುಡುವುದು. ನಾನು ಕೆಲಸ ಮಾಡುತ್ತಿದ್ದ ಒಂದು ಪಟ್ಟಣದಲ್ಲಿ ನ್ಯೂಟ್ರಲ್ ಕಿತ್ತು ಒಂದು ಇಡೀ ಬೀದಿಯ ದೀಪ ಒಂದೇ ರಾತ್ರಿ ಹೋದವು. ಗುತ್ತಿಗೆದಾರರು ಲೈನಿನ ತಪ್ಪು ಅಂದರು. ಲೈನಿನವರು ದೀಪದ ತಪ್ಪು ಅಂದರು. ಮಾರುಕಟ್ಟೆಯಲ್ಲಿ ರಾತ್ರಿ ತರಕಾರಿ ಇಳಿಸುವ ಹೆಂಗಸರು ತಿಂಗಳುಗಟ್ಟಲೆ ಕತ್ತಲೆಯಲ್ಲಿ ಕೆಲಸ ಮಾಡಿದರು. ಕರಾರಿನಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮುಂದಿನ ಟೆಂಡರಿನಲ್ಲಿ ದೀಪದೊಳಗೆ 10 ಕಿಲೋವೋಲ್ಟ್ ಸರ್ಜ್ ರಕ್ಷಣೆ (ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಭಾಗ) ಕೇಳಿ. ದೀಪ ಕೂರಿಸಿದ್ದಕ್ಕೆ ಪೂರ್ತಿ ಹಣ ಒಂದೇ ಸಲ ಕೊಡಬೇಡಿ. ಅರ್ಧಕ್ಕಿಂತ ಹೆಚ್ಚು ಮೊತ್ತವನ್ನು ಐದು ವರ್ಷಕ್ಕೆ ಹಂಚಿ, ಆಯಾ ತಿಂಗಳು ಉರಿದ ದೀಪದ ಲೆಕ್ಕದಲ್ಲಿ ಕೊಡಿ. ಕಂಬಕ್ಕೆಲ್ಲ ನಂಬರ್ ಬರೆಸಿ. "ಗಣೇಶನ ಗುಡಿ ಹತ್ತಿರದ ಕಂಬ" ಅಂದರೆ ಗುತ್ತಿಗೆದಾರರ ಹುಡುಗನಿಗೆ ಗೊತ್ತಾಗುವುದಿಲ್ಲ, "ವಾರ್ಡ್ 7, ಕಂಬ 23" ಅಂದರೆ ಗೊತ್ತಾಗುತ್ತದೆ. ಮೂರು ದಿನದಲ್ಲಿ ಸರಿಮಾಡದಿದ್ದರೆ ಕಂಬಕ್ಕೆ, ದಿನಕ್ಕೆ ಇಷ್ಟು ಅಂತ ದಂಡ ಇರಲಿ. ತಿಂಗಳಿಗೊಮ್ಮೆ ರಾತ್ರಿ ಸದಸ್ಯರೇ ಅವರವರ ವಾರ್ಡಿನಲ್ಲಿ ನಡೆದು ಎಣಿಸಲಿ. ಆ ಎಣಿಕೆಯ ಮೇಲೆಯೇ ಬಿಲ್ ಪಾಸಾಗಲಿ.

ಉಳಿತಾಯದಿಂದಲೇ ದೀಪದ ಹಣ ತೀರಿಸುವ ಪದ್ಧತಿಯೂ ಇದೆ. ಕೇಂದ್ರದ ಬೀದಿದೀಪ ಕಾರ್ಯಕ್ರಮ 2015ರಲ್ಲಿ ಈ ಲೆಕ್ಕದಲ್ಲೇ ಶುರುವಾಯಿತು. ಈಗ ಖಾಸಗಿಯವರೂ ಬರುತ್ತಾರೆ. ಒಳ್ಳೆಯ ದಾರಿಯೇ, ಆದರೆ ಹಳೇ ದೀಪ ಇಳಿಸುವ ಮೊದಲು ಮೂರು ತಿಂಗಳ ಮೀಟರ್ ಓದು ನಿಮ್ಮ ಕೈಲಿರಬೇಕು. ಅದಿಲ್ಲದೆ ಎಷ್ಟು ಉಳಿಯಿತು ಅನ್ನುವುದು ಅವರು ಹೇಳಿದ್ದೇ ಲೆಕ್ಕ ಆಗಿಬಿಡುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುತ್ತದೆ. ಪಿಎಂ ಸೂರ್ಯಘರ್‌ನಲ್ಲಿ ಸೋಲಾರ್ ಹಾಕಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಹಾಕಿಸಲೇ?
— ಶಿಕ್ಷಕಿ, ಅರಸೀಕೆರೆ

ಉತ್ತರ: ಬಿಲ್ಲು ಸೊನ್ನೆ ಇರುವವರೆಗೆ ನಿಮಗೆ ಸೋಲಾರ್‌ನಿಂದ ಬಿಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ ಮೇಡಂ. ಸಾಲ ಮಾಡಿ ಹಾಕಿಸಬೇಡಿ. ತಿಂಗಳಿಗೆ 200 ಯೂನಿಟ್ ದಾಟುವ ಮನೆಗಳಿಗೆ, ಅಂದರೆ ಎಸಿ ಇರುವವರಿಗೆ, ಎರಡು ಮೂರು ಸಂಸಾರ ಒಂದೇ ಮೀಟರಿನಲ್ಲಿ ಇರುವವರಿಗೆ ಇದು ನಿಜಕ್ಕೂ ಲಾಭ. ನಮ್ಮ ಬಿಸಿಲಿಗೆ 1 ಕಿಲೋವಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 3 ಕಿಲೋವಾಟಿಗೆ ತಿಂಗಳಿಗೆ 350 ಯೂನಿಟ್ ದಾಟುತ್ತದೆ. ನೆರಳಿಲ್ಲದ 300 ಚದರಡಿ ಜಾಗ ಬೇಕು, ತೆಂಗಿನ ಗರಿಯ ನೆರಳೂ ಬೀಳಬಾರದು. 2024ರ ಫೆಬ್ರುವರಿಯಲ್ಲಿ ಶುರುವಾದ ಈ ಯೋಜನೆಯಲ್ಲಿ ಸಬ್ಸಿಡಿ 1 ಕಿಲೋವಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ.

ನೀವು ಹಾಕಿಸದಿದ್ದರೂ ನಿಮ್ಮ ನಗರಸಭೆಗೆ ಒಂದು ಮಾತು ತಿಳಿಸಿ. ಊರಿನಲ್ಲಿ ಈ ಯೋಜನೆಯಡಿ ಆಗುವ ಒಂದೊಂದು ಮನೆಗೂ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಇದೆ. ಬಹಳ ಸದಸ್ಯರಿಗೆ ಇದು ಗೊತ್ತೇ ಇಲ್ಲ. ಜಿಲ್ಲೆಗೊಂದು ಮಾದರಿ ಸೌರ ಗ್ರಾಮ ಆರಿಸಿ 1 ಕೋಟಿ ರೂಪಾಯಿ ಕೊಡುವ ಸ್ಪರ್ಧೆಯೂ ಇದೇ ಯೋಜನೆಯಲ್ಲಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಗ್ರಾಮದ ಜನಸಂಖ್ಯೆ 5 ಸಾವಿರ ದಾಟಿರಬೇಕು.

ಪ್ರಶ್ನೆ: ಇದನ್ನೆಲ್ಲ ನಿಜವಾಗಿ ಮಾಡಿ ತೋರಿಸಿದ ಸಣ್ಣ ಊರು ಎಲ್ಲಾದರೂ ಇದೆಯೇ?
— ಓದುಗರು, ಚಾಮರಾಜನಗರ

ಉತ್ತರ: ಇದೆ, ನಿಮಗೆ ದೂರವೂ ಅಲ್ಲ. ಸತ್ಯಮಂಗಲದ ಘಾಟಿ ಇಳಿದು ಕೊಯಮತ್ತೂರು ಜಿಲ್ಲೆಗೆ ಹೋದರೆ ಓಡಂತುರೈ ಅನ್ನುವ ಪಂಚಾಯಿತಿ ಸಿಗುತ್ತದೆ. ಅಲ್ಲೂ ಕಥೆ ಶುರುವಾದದ್ದು ನೀರಿನ ಪಂಪಿನ ಬಿಲ್ಲಿನಿಂದಲೇ. ಅಧ್ಯಕ್ಷರಾಗಿದ್ದ ಆರ್. ಷಣ್ಮುಗಂ ಅವರ ಕಾಲದಲ್ಲಿ ಮೊದಲು ಸೌದೆ ಚೂರಿನಿಂದ ಅನಿಲ ಮಾಡಿ ಪಂಪು ಓಡಿಸುವ 9 ಕಿಲೋವಾಟಿನ ಯಂತ್ರ ಇಟ್ಟರು. ಆಮೇಲೆ 2006ರಲ್ಲಿ ಪಂಚಾಯಿತಿಯೇ 350 ಕಿಲೋವಾಟಿನ ಗಾಳಿಯಂತ್ರ ಕೊಂಡಿತು. ಬೆಲೆ ಸುಮಾರು 1.55 ಕೋಟಿ. ಅದರಲ್ಲಿ 40 ಲಕ್ಷ ಪಂಚಾಯಿತಿಯ ಉಳಿತಾಯ, ಮಿಕ್ಕಿದ್ದು ಬ್ಯಾಂಕ್ ಸಾಲ. ಯಂತ್ರವನ್ನು ಊರಿನಲ್ಲೇ ನಿಲ್ಲಿಸಲಿಲ್ಲ, ಗಾಳಿ ಚೆನ್ನಾಗಿ ಬೀಸುವ ದೂರದ ಜಾಗದಲ್ಲಿ ನಿಲ್ಲಿಸಿದರು. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಬರುತ್ತಿತ್ತು, ಊರಿಗೆ ಬೇಕಾದದ್ದು 4.5 ಲಕ್ಷ. ಮಿಕ್ಕಿದ್ದನ್ನು ವಿದ್ಯುತ್ ಮಂಡಳಿಗೆ ಮಾರಿದರು. ಒಂದು ಗ್ರಾಮ ಪಂಚಾಯಿತಿ ಬ್ಯಾಂಕಿನ ಮುಂದೆ ಕೂತು ಸಾಲ ಪಡೆಯಬೇಕಾದರೆ ಅದರ ಲೆಕ್ಕದ ಪುಸ್ತಕ ಎಷ್ಟು ಸರಿ ಇದ್ದಿರಬೇಕು, ಯೋಚಿಸಿ. ನನಗೆ ಗಾಳಿಯಂತ್ರಕ್ಕಿಂತ ಆ ಉಳಿತಾಯದ 40 ಲಕ್ಷ ದೊಡ್ಡದಾಗಿ ಕಾಣುತ್ತದೆ.

ಗುಜರಾತಿನ ಮೊಢೇರಾವನ್ನು 2022ರ ಅಕ್ಟೋಬರ್‌ನಲ್ಲಿ ಹಗಲು ರಾತ್ರಿ ಸೌರವಿದ್ಯುತ್ತಿನ ಗ್ರಾಮ ಅಂತ ಘೋಷಿಸಿದರು. ಅದು ಕೇಂದ್ರ, ರಾಜ್ಯ ಸರ್ಕಾರಗಳ ದೊಡ್ಡ ಹಣದಲ್ಲಿ ಆದ ಕೆಲಸ. ನೋಡಲು ಚೆಂದ, ನಮ್ಮ ಪಂಚಾಯಿತಿಗಳಿಗೆ ಅಳತೆ ಹೊಂದುವುದಿಲ್ಲ.

ಬಿಹಾರದ ಧರ್ನಾಯಿ ಹಳ್ಳಿಯದನ್ನೂ ತಿಳಿದಿರಬೇಕು. 2014ರಲ್ಲಿ ಅಲ್ಲಿ 100 ಕಿಲೋವಾಟಿನ ಸೌರ ಮೈಕ್ರೋಗ್ರಿಡ್, ಅಂದರೆ ಆ ಊರಿಗಷ್ಟೇ ಕರೆಂಟ್ ಕೊಡುವ ಸಣ್ಣ ಜಾಲ, ಬಂತು. ದೀಪ, ಫ್ಯಾನಿಗೆ ಸಾಕಾಯಿತು. ಜನ ಟಿವಿ, ಫ್ರಿಜ್ ತಂದರು, ಸಾಲಲಿಲ್ಲ. ಅಷ್ಟರಲ್ಲಿ ಸರ್ಕಾರದ ಲೈನ್ ಬಂತು, ಕಡಿಮೆ ದರದಲ್ಲಿ. ಬ್ಯಾಟರಿಗಳು ಹೋದವು, ಘಟಕ ಮೂಲೆ ಸೇರಿತು. ಜನರದ್ದು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಬಡವರಿಗೆ ಇಷ್ಟೇ ಕರೆಂಟ್ ಸಾಕು ಅಂತ ಹೊರಗಿನವರು ತೀರ್ಮಾನ ಮಾಡುವುದು ಸರಿಯಲ್ಲ. ನಿಮ್ಮ ಊರಿನಲ್ಲಿ ಲೈನ್ ಇದೆ. ಲೈನಿಗೆ ಜೋಡಿಸಿದ ಸೋಲಾರ್ ಹಾಕಿ, ಲೈನಿಗೆ ಕೊಟ್ಟ ಕರೆಂಟನ್ನೂ ಎಣಿಸುವ ನೆಟ್ ಮೀಟರ್ ಇಡಿಸಿ, ಬ್ಯಾಟರಿಯ ಗೊಡವೆ ಬೇಡ.

ಪ್ರಶ್ನೆ: ನಮ್ಮೂರ ಶಾಲೆಗೆ ಶೀಟಿನ ಚಾವಣಿ. ಮಾರ್ಚ್ ಬಂದರೆ ಮಕ್ಕಳು ಬೆಂದುಹೋಗುತ್ತಾರೆ. ಕೂಲರ್ ಕೊಡಿಸಿ ಅಂತ ಪುರಸಭೆಗೆ ಕೇಳೋಣವೇ?
— ಎಸ್‌ಡಿಎಂಸಿ ಸದಸ್ಯೆ, ರಾಯಚೂರು ಜಿಲ್ಲೆ

ಉತ್ತರ: ಮೊದಲು ಚಾವಣಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಹೊಡೆಸಿಕೊಡಿ ಅಂತ ಕೇಳಿರಮ್ಮಾ. ಮಳೆಗಾಲಕ್ಕೆ ಮೊದಲು ತುಕ್ಕು ಉಜ್ಜಿಸಿ, ಚಾವಣಿಗೆಂದೇ ಬರುವ ಬಣ್ಣ ಹಾಕಿಸಬೇಕು. ಬರೀ ಸುಣ್ಣ ಮಳೆಗೆ ತೊಳೆದುಹೋಗುತ್ತದೆ. ನಿಮ್ಮ ಗಡಿಯಾಚೆ ತೆಲಂಗಾಣ ಸರ್ಕಾರ 2023ರಲ್ಲೇ ಇಂಥ ತಂಪು ಚಾವಣಿಗೆ ಐದು ವರ್ಷದ ನೀತಿ ತಂದಿದೆ. ನಿಮ್ಮ ಪುರಸಭೆಯೂ ತನ್ನ ಶಾಲೆ, ಅಂಗನವಾಡಿ, ಆಸ್ಪತ್ರೆಗಳಿಗೆ ಇದೇ ನಿಯಮ ಅಂತ ನಿರ್ಣಯ ಮಾಡಬಹುದು.

ಫ್ಯಾನ್ ಹೊಸದಾಗಿ ತರುವುದಾದರೆ ಬಿಎಲ್‌ಡಿಸಿ ತರಿಸಿ. ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್ ಅದು. ಹಳೇ ಫ್ಯಾನ್ 75 ವಾಟ್, ಅದು 30 ವಾಟಿನ ಹತ್ತಿರ. ವೋಲ್ಟೇಜ್ ಕಡಿಮೆಯಿದ್ದಾಗಲೂ ಅದು ಚೆನ್ನಾಗಿಯೇ ತಿರುಗುತ್ತದೆ. ನಿಮ್ಮ ಕಡೆ ಮಧ್ಯಾಹ್ನದ ವೋಲ್ಟೇಜ್ ನನಗೆ ಗೊತ್ತಿದೆ, ಅದಕ್ಕೇ ಹೇಳಿದೆ. ಕೂಲರ್ ಬೇಡ, ನೀರಿಗೇ ಕಷ್ಟ ಇರುವ ಊರದು.

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿ. ಊರಿನ ಕರೆಂಟ್ ಲೆಕ್ಕ ಮಾಡಿಕೊಡಲು ಆಸೆ ಇದೆ. ಆದರೆ ಪಂಚಾಯಿತಿಯಲ್ಲಿ ನಮ್ಮಂಥ ಹುಡುಗರ ಮಾತು ಯಾರು ಕೇಳುತ್ತಾರೆ?
— ವಿದ್ಯಾರ್ಥಿ, ಬೆಳಗಾವಿ ಜಿಲ್ಲೆ

ಉತ್ತರ: ಕೇಳುತ್ತಾರೆ ಮಗಾ, ನೀನು ದೂರು ತರದೆ ಲೆಕ್ಕ ತಂದರೆ. ಪಿಡಿಒ ಹತ್ತಿರ ಹೋಗಿ ಕಳೆದ 12 ತಿಂಗಳ ಬಿಲ್ಲು ಕೊಡಿ, ಪಟ್ಟಿ ಮಾಡಿಕೊಡುತ್ತೇನೆ ಅನ್ನು. ಕೆಲಸ ಹಗುರ ಮಾಡುವವರನ್ನು ಯಾರೂ ಬೇಡ ಅನ್ನುವುದಿಲ್ಲ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಆದರೆ ಅದು ಕೊನೆಯ ದಾರಿಯಾಗಿರಲಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ, ಲೆಕ್ಕಪತ್ರ ಎಲ್ಲರ ಮುಂದೆ ಇಡಲೇಬೇಕು. ಅಲ್ಲಿಗೆ ಹೋಗು.

ನಿನ್ನ ಪಟ್ಟಿಯಲ್ಲಿ ಯೂನಿಟ್ ಬಹಳ ಜಾಸ್ತಿ ಇರುವ ಒಂದು ಬೋರ್‌ವೆಲ್ ಸಿಗುತ್ತದೆ. ನಾನು ಮೊದಲ ಉತ್ತರದಲ್ಲಿ ಬರೆದ 367ರ ಪರೀಕ್ಷೆಯನ್ನು ಅಲ್ಲಿ ಮಾಡು. ನೀರುಗಂಟಿಯ ಹತ್ತಿರ ಕೂತು ಮಾತಾಡು. ಯಾವ ವಾಲ್ವ್ ಸೋರುತ್ತದೆ, ಯಾವ ಮೋಟಾರು ಎಷ್ಟು ಸಲ ಸುಟ್ಟಿದೆ, ಎಲ್ಲ ಅವರ ಬಾಯಲ್ಲೇ ಇರುತ್ತದೆ. ಗ್ರಾಮಸಭೆಯಲ್ಲಿ ಆ ಒಂದೇ ಬೋರ್‌ವೆಲ್ ಲೆಕ್ಕ ಓದು: ಈಗ ಎಷ್ಟು ಯೂನಿಟ್, ಪಂಪು ಬದಲಿಸಿದರೆ ಎಷ್ಟು, ಹೊಸ ಪಂಪಿನ ಬೆಲೆ ಎಷ್ಟು ತಿಂಗಳಲ್ಲಿ ಬಿಲ್ಲಿನಿಂದ ವಾಪಸ್ ಬರುತ್ತದೆ. ಓದಿದ ಮೇಲೆ ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ನಕಲು ಇಸಕೊಂಡು ಬಾ. ನನಗೂ ಒಂದು ಪ್ರತಿ ಪತ್ರಿಕೆಯ ವಿಳಾಸಕ್ಕೆ ಕಳಿಸು, ಲೆಕ್ಕ ನೋಡಿ ಉತ್ತರ ಬರೆಯುತ್ತೇನೆ.